ಕೇರಳ ಲಾಟರಿಯೋ, ತೆರಿಗೆ ಉಳಿತಾಯವೋ: ಲೆಕ್ಕ ಏನು ಹೇಳುತ್ತದೆ?

ನಿಮ್ಮ ಪ್ರಶ್ನೆ ಇಷ್ಟು: ವರ್ಷಕ್ಕೆ 14 ಲಕ್ಷ ರೂಪಾಯಿ ಸಂಬಳ, ಅದರಲ್ಲಿ ಮೂಲವೇತನ 9 ಲಕ್ಷ. ಕಾಸರಗೋಡಿಗೆ ಹೋದಾಗಲೆಲ್ಲ ಲಾಟರಿ ಕೊಳ್ಳುತ್ತೀರಿ; ವರ್ಷಕ್ಕೆ ಸುಮಾರು 24,000 ರೂಪಾಯಿ ಅದಕ್ಕೇ ಹೋಗುತ್ತದೆ. ತೆರಿಗೆ ಉಳಿಸಲು ತಲೆ ಕೆಡಿಸಿಕೊಂಡರೆ ಸಿಗುವುದು ಪುಡಿಗಾಸು, ಲಾಟರಿ ಹೊಡೆದರೆ ಕೋಟಿ. ಹಾಗಿರುವಾಗ ಗಣಿತದ ಪ್ರಕಾರ ಯಾವುದು ಮೇಲು ಎಂದು ಕೇಳಿದ್ದೀರಿ.

ನಾನು ಮಂಗಳೂರಿನಲ್ಲಿ ಸಂಬಳದಾರರ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವವನು. ತೆರಿಗೆ ಎಂದರೆ ಉರಿದು ಬೀಳುವ ಎಷ್ಟೋ ಜನ ಲಾಟರಿ ಅಂಗಡಿಯ ಮುಂದೆ ಚಕಾರವೆತ್ತದೆ ತೆರಿಗೆ ಕಟ್ಟಿ ಬರುತ್ತಾರೆ, ಅದು ತೆರಿಗೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಲಾಟರಿಯ ಮೇಲಿನ ಜಿಎಸ್‌ಟಿ ಶೇ 40. ನೀವು ಕೊಳ್ಳುವ 50 ರೂಪಾಯಿಯ ಟಿಕೆಟ್‌ನಲ್ಲಿ 14 ರೂಪಾಯಿ 28 ಪೈಸೆ ಜಿಎಸ್‌ಟಿಯೇ. ಡ್ರಾ ಆಗುವ ಮುಂಚೆಯೇ ಅಷ್ಟು ಹೋಯಿತು.

ಈಗ ಕೋಟಿಯ ಮಾತು. ಕೇರಳ ಸರ್ಕಾರದ ದೊಡ್ಡ ಹಬ್ಬದ ಲಾಟರಿ, 2024ರ ಓಣಂ ಬಂಪರ್ ತೆಗೆದುಕೊಳ್ಳಿ. 25 ಕೋಟಿಯ ಮೊದಲ ಬಹುಮಾನ ನಮ್ಮ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದಿತ್ತು. ಆಮೇಲೆ ಗಡಿಯ ಈಚೆಗೂ ಎಷ್ಟು ಜನರ ಆಸೆ ಚಿಗುರಿತೋ ಲೆಕ್ಕವಿಲ್ಲ. ಟಿಕೆಟ್‌ಗೆ 500 ರೂಪಾಯಿ, ಮಾರಾಟವಾದದ್ದು ಸುಮಾರು 71 ಲಕ್ಷ. 25 ಕೋಟಿಯನ್ನು 71 ಲಕ್ಷದಿಂದ ಭಾಗಿಸಿದರೆ ಟಿಕೆಟ್ ಒಂದಕ್ಕೆ ಬರುವುದು ಸುಮಾರು 35 ರೂಪಾಯಿ. ಅಷ್ಟೂ ಕೈಗೆ ಸಿಗುವುದಿಲ್ಲ. ಏಜೆಂಟರ ಕಮಿಷನ್ ಶೇ 10 ಮೊದಲು ಕಳೆಯುತ್ತದೆ. ಉಳಿದದ್ದಕ್ಕೆ ಶೇ 30 ಆದಾಯ ತೆರಿಗೆ, ಆ ತೆರಿಗೆಯ ಮೇಲೆ ಮತ್ತೆ ಸರ್‌ಚಾರ್ಜ್, ಸೆಸ್ ಎಂಬ ಹೆಚ್ಚುವರಿ ತೆರಿಗೆಗಳು. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ (ವಿನಾಯಿತಿ ಕಡಿಮೆ, ದರವೂ ಕಡಿಮೆ) ಲೆಕ್ಕ ಹಾಕಿದರೂ 25 ಕೋಟಿ 13.7 ಕೋಟಿಯ ಆಸುಪಾಸಿಗೆ ಇಳಿಯುತ್ತದೆ. ಅಂದರೆ 500 ರೂಪಾಯಿಯ ಟಿಕೆಟ್‌ನೊಳಗೆ ಮೊದಲ ಬಹುಮಾನದ ನಿಜವಾದ ಬೆಲೆ ಸುಮಾರು 19 ರೂಪಾಯಿ. ಕೆಳಗಿನ ಬಹುಮಾನಗಳನ್ನೆಲ್ಲ ಸೇರಿಸಿದರೂ ಕೊಟ್ಟ 500ರ ಹತ್ತಿರ ಸುಳಿಯುವುದಿಲ್ಲ. ನಿಮ್ಮ 24,000 ರೂಪಾಯಿಯನ್ನೂ ಪ್ರತಿ ವರ್ಷ ಓಣಂ ಬಂಪರ್‌ಗೇ ಸುರಿದು 48 ಟಿಕೆಟ್ ಕೊಂಡರೆ, ಮೊದಲ ಬಹುಮಾನಕ್ಕೆ ಸರಾಸರಿ ಒಂದೂವರೆ ಲಕ್ಷ ವರ್ಷ ಕಾಯಬೇಕು.

ಇನ್ನೊಂದು ಕೊಕ್ಕೆ ಇದೆ. ಹಾಕಿದ 24,000 ರೂಪಾಯಿಯೂ ಸಣ್ಣಪುಟ್ಟ ಬಹುಮಾನಗಳಾಗಿ ವಾಪಸ್ ಬಂತು ಎಂದುಕೊಳ್ಳಿ. ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು ನೀವು ನೆಮ್ಮದಿಯಾಗಿರುತ್ತೀರಿ. ಕಾನೂನು ಹಾಗೆ ನೋಡುವುದಿಲ್ಲ. ಟಿಕೆಟ್‌ಗೆ ಮಾಡಿದ ಖರ್ಚನ್ನು ಬಹುಮಾನದಿಂದ ಕಳೆಯಲು ಅವಕಾಶವಿಲ್ಲ. ಪೂರ್ತಿ 24,000ಕ್ಕೆ ಸೆಸ್ ಸೇರಿ ಶೇ 31.2ರಂತೆ 7,488 ರೂಪಾಯಿ ತೆರಿಗೆ. 10,000 ರೂಪಾಯಿಯೊಳಗಿನ ಬಹುಮಾನಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿತ ಆಗುವುದಿಲ್ಲ ನಿಜ, ಆದರೆ ತೆರಿಗೆ ತಪ್ಪುವುದಿಲ್ಲ. ಗೆದ್ದರೆ ಸರ್ಕಾರಕ್ಕೆ ಪಾಲು ಕೊಡಬೇಕು, ಸೋತರೆ ನಷ್ಟವೆಲ್ಲ ನಿಮ್ಮದೇ. ಹೀಗಿರುವಾಗ ಮೋಸವಿಲ್ಲದ ಸಮಸಮ ಜೂಜು ಕೂಡ ತೆರಿಗೆ ಕಟ್ಟಿದ ಮೇಲೆ ಸೋಲುವ ಜೂಜೇ.

ಇನ್ನು ನೀವು ಪುಡಿಗಾಸು ಎಂದ ಕಡೆಗೆ ಬರೋಣ. 2025-26ರ ಹೊಸ ಪದ್ಧತಿಯಲ್ಲಿ ನಿಮ್ಮ 14 ಲಕ್ಷದಿಂದ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆಲ್ಲ ಸಿಗುವ ಕಡಿತ) ಕಳೆದರೆ 13.25 ಲಕ್ಷ. ಅದಕ್ಕೆ ಸೆಸ್ ಸೇರಿ ತೆರಿಗೆ 81,900 ರೂಪಾಯಿ. ಹೊಸ ಪದ್ಧತಿಯಲ್ಲಿ 80ಸಿ (ವಿಮೆ, ಪಿಎಫ್‌ನಂಥ ಉಳಿತಾಯಕ್ಕೆ ಸಿಗುವ ವಿನಾಯಿತಿ) ಇಲ್ಲ, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆಯ ವಿನಾಯಿತಿ) ಇಲ್ಲ. (ಮಾರ್ಚ್ ಬಂತೆಂದರೆ ‘ತೆರಿಗೆ ಉಳಿಯುತ್ತದೆ ಸಾರ್’ ಎಂದು ವಿಮಾ ಪಾಲಿಸಿ ಹಿಡಿದು ಬರುವವರ ಮಾತಿಗೆ ಈ ಪದ್ಧತಿಯಲ್ಲಿ ಅರ್ಥವೇ ಇಲ್ಲ. ಆದರೂ ಜನ ಕೊಳ್ಳುತ್ತಲೇ ಇದ್ದಾರೆ.) ಆದರೆ ಒಂದು ಬಾಗಿಲು ತೆರೆದಿದೆ: ಉದ್ಯೋಗದಾತರು ನಿಮ್ಮ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಖಾತೆಗೆ ಹಾಕುವ ಹಣ. ಮೂಲವೇತನದ ಶೇ 14ರವರೆಗೆ ಅದಕ್ಕೆ ವಿನಾಯಿತಿ ಉಂಟು. 9 ಲಕ್ಷದ ಶೇ 14 ಎಂದರೆ 1,26,000. ಅಷ್ಟನ್ನು ನಿಮ್ಮ ವಿಶೇಷ ಭತ್ಯೆಯಿಂದ ಎನ್‌ಪಿಎಸ್‌ಗೆ ತಿರುಗಿಸಿದರೆ ತೆರಿಗೆಗೆ ಒಳಪಡುವ ಆದಾಯ 11,99,000ಕ್ಕೆ ಇಳಿಯುತ್ತದೆ. 12 ಲಕ್ಷದ ಒಳಗೆ ಬಂದಿರಿ, ರಿಬೇಟ್ (ತೆರಿಗೆ ಮನ್ನಾ) ಸಿಕ್ಕಿತು, ತೆರಿಗೆ ಸೊನ್ನೆ. ಖಾತೆಗೆ 1,26,000 ಬಿದ್ದರೂ, ಉಳಿದ ತೆರಿಗೆ 81,900 ಕಳೆದರೆ, ಕೈಗೆ ಬರುವ ಸಂಬಳದಲ್ಲಿ ಕಡಿಮೆಯಾಗುವುದು 44,100 ಮಾತ್ರ. ನಿಮ್ಮ ಲಾಟರಿ ಬಾಬ್ತೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತುಂಬಿಕೊಡುತ್ತದೆ.

ಇದರಲ್ಲಿ ತೊಡಕಿಲ್ಲವೆಂದಲ್ಲ. ಎನ್‌ಪಿಎಸ್ ಹಣ ಬಹುಮಟ್ಟಿಗೆ ದೀರ್ಘಕಾಲ ಕೈಗೆ ಸಿಗುವುದಿಲ್ಲ, ಮಾರುಕಟ್ಟೆಯೊಂದಿಗೆ ಏರಿಳಿಯುತ್ತದೆ, ಮುಂದೆ ಬರುವ ಪಿಂಚಣಿಗೆ ತೆರಿಗೆ ಉಂಟು. ನಿಮ್ಮ ಉಳಿತಾಯ ಖಾತೆಯ ಬಡ್ಡಿ 1,000 ರೂಪಾಯಿ ಮೀರಿದರೆ 12 ಲಕ್ಷದ ಗೆರೆ ದಾಟುತ್ತದೆ; ಆಗ ದಾಟಿದಷ್ಟು ಮೊತ್ತ ಹೆಚ್ಚುಕಡಿಮೆ ತೆರಿಗೆಗೇ ಹೋಗುತ್ತದೆ. ಲಾಟರಿಯ ಬಹುಮಾನವೂ ಇದೇ ಒಟ್ಟು ಆದಾಯಕ್ಕೆ ಸೇರುತ್ತದೆ ಎಂಬುದು ನೆನಪಿರಲಿ. ದೊಡ್ಡ ಗೃಹಸಾಲ, ದೊಡ್ಡ ಬಾಡಿಗೆ ಇರುವವರು ಹಳೆಯ ಪದ್ಧತಿಯನ್ನೂ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಇನ್ನು ಸಂಬಳವೇ 12.75 ಲಕ್ಷದೊಳಗೆ ಇರುವವರು ನಿಮ್ಮ ಪ್ರಶ್ನೆ ಕೇಳಿದ್ದರೆ, ಹೊಸ ಪದ್ಧತಿಯಲ್ಲಿ ಉಳಿಸಲು ತೆರಿಗೆಯೇ ಇಲ್ಲ, ಸುಮ್ಮನಿರಿ ಎನ್ನುತ್ತಿದ್ದೆ.

ತೆರಿಗೆಯಲ್ಲೂ ಜೂಜಾಡುವವರು ಇದ್ದಾರೆ: ಇಲ್ಲದ ಬಾಡಿಗೆಗೆ ರಸೀದಿ, ಕೊಡದ ದೇಣಿಗೆಗೆ ಚೀಟಿ. 2025ರ ಜುಲೈಯಲ್ಲಿ ಆದಾಯ ತೆರಿಗೆ ಇಲಾಖೆ ಇಂಥ ಸುಳ್ಳು ವಿನಾಯಿತಿಗಳ ಬೆನ್ನುಹತ್ತಿ ದೇಶದ 150 ಕಡೆ ತಪಾಸಣೆ ನಡೆಸಿತು. ಸುಳ್ಳು ವಿವರ ಕೊಟ್ಟದ್ದು ರುಜುವಾದರೆ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ, ಬಡ್ಡಿ ಬೇರೆ. ಲಾಟರಿಯಲ್ಲಾದರೆ ಟಿಕೆಟ್‌ನ ಹಣ ಹೋಗುತ್ತದೆ, ಅಷ್ಟೇ. ರಿಟರ್ನ್ ಬೇಗ ಪಾಸಾಗುತ್ತದೆ, ರೀಫಂಡ್ ಖಾತ್ರಿ ಎಂದು ಶೇಕಡಾವಾರು ಕಮಿಷನ್ ಕೇಳುವವರ ಹತ್ತಿರ ಮಾತ್ರ ಹೋಗಬೇಡಿ.

ನೀವು ಮಾಡಬೇಕಾದದ್ದು, ನಿಮ್ಮ ಕಂಪನಿಯಲ್ಲಿ ಕಾರ್ಪೊರೇಟ್ ಎನ್‌ಪಿಎಸ್ ಸೌಲಭ್ಯ ಇದೆಯೇ ಎಂದು ಎಚ್‌ಆರ್‌ಗೆ ಒಂದು ಇಮೇಲ್ ಹಾಕುವುದು. ಇದ್ದರೆ ಏಪ್ರಿಲ್‌ಗೆ ಮುಂಚೆಯೇ ಹೇಳಿ. ಸಂಬಳದ ವಿಂಗಡಣೆಯನ್ನು ವರ್ಷದ ನಡುವೆ ಬದಲಿಸಲು ಅನೇಕ ಕಡೆ ಒಪ್ಪುವುದಿಲ್ಲ. ಟಿಕೆಟ್ ಕೊಳ್ಳುವ ಖುಷಿಯನ್ನು ಬಿಡಲಾಗದಿದ್ದರೆ ಕಾಸರಗೋಡಿಗೆ ಹೋದಾಗ ಒಂದು ಕೊಳ್ಳಿ, ಅದು ಸಿನಿಮಾ ಟಿಕೆಟ್‌ನ ಲೆಕ್ಕ. ವಾಟ್ಸ್‌ಆ್ಯಪ್‌ನಲ್ಲಿ ಕೇರಳ ಲಾಟರಿ ಮಾರುತ್ತೇವೆ ಎನ್ನುವವರಿಗೆ ಹಣ ಕಳಿಸಬೇಡಿ. ಆ ಸರ್ಕಾರ ಆನ್‌ಲೈನಿನಲ್ಲಿ ಟಿಕೆಟ್ ಮಾರುವುದಿಲ್ಲ, ಕರ್ನಾಟಕದಲ್ಲಂತೂ 2007ರಿಂದ ಲಾಟರಿ ಮಾರಾಟವೇ ನಿಷಿದ್ಧ.