ಖರ್ದುಂಗ್ ಲಾ ಮೇಲೆ ಮೀಟರ್ ಒಂದು ಹೇಳಿತು, ಫೋನ್ ಇನ್ನೊಂದು

ಪ್ರಶ್ನೆ: ಮೇ ಕೊನೆಯಲ್ಲಿ ಗೆಳೆಯರ ಜೊತೆ ಲಡಾಖ್‌ಗೆ ಬೈಕಿನಲ್ಲಿ ಹೋಗಿದ್ದೆ. ಆನ್‌ಲೈನ್‌ನಲ್ಲಿ ಕೊಂಡ ಪುಟ್ಟ ಯುವಿ (ಸೂರ್ಯನ ನೇರಳಾತೀತ ಕಿರಣ) ಮೀಟರ್ ಲೇಹ್‌ನಲ್ಲಿ 9 ತೋರಿಸಿತು, ಅಲ್ಲಿಂದ ಹತ್ತಿಹೋಗುವ ಖರ್ದುಂಗ್ ಲಾ ಘಟ್ಟದ ಮೇಲೆ 11. ಫೋನಿನ ಆ್ಯಪ್ ಎರಡೂ ಕಡೆ 9 ಎಂದಿತು. ಯಾವುದನ್ನು ನಂಬಲಿ? ಅಷ್ಟು ಚಳಿಯಲ್ಲಿ ಗದ್ದದ ಕೆಳಗೆ ಚರ್ಮ ಸುಟ್ಟಿದ್ದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ಆ್ಯಪ್ ಏನನ್ನೂ ಅಳೆಯುವುದಿಲ್ಲ. ಸೂರ್ಯನ ಎತ್ತರ, ಓಝೋನ್, ಮೋಡ ಇವನ್ನು ಇಟ್ಟುಕೊಂಡು ಲೆಕ್ಕ ಹಾಕಿದ ಸಂಖ್ಯೆ ಅದು. ಕಣಿವೆಯನ್ನೂ ಶಿಖರವನ್ನೂ ನಕ್ಷೆಯ ಒಂದೇ ಚೌಕಕ್ಕೆ ಸೇರಿಸಿಬಿಟ್ಟರೆ ಎರಡಕ್ಕೂ ಒಂದೇ ಅಂಕಿ ಬರುತ್ತದೆ.

ನಿಮ್ಮ ಮೀಟರಿನ ಏರಿಕೆ ಮಾತ್ರ ನಂಬುವಂತಿದೆ. ಲೇಹ್ ಸುಮಾರು 3,500 ಮೀಟರ್ ಎತ್ತರ, ಖರ್ದುಂಗ್ ಲಾ 5,350ರ ಆಸುಪಾಸು. 1,000 ಮೀಟರ್ ಹತ್ತಿದರೆ ಯುವಿ ಸುಮಾರು ಶೇ 10ರಷ್ಟು ಜಾಸ್ತಿಯಾಗುತ್ತದೆ. 9 ಇದ್ದದ್ದು 11 ಆಗಬೇಕಾದ್ದೇ. ಆದರೆ ಎರಡೂ ಕಡೆ ಒಂದೇ ಹೊತ್ತಿಗೆ ನೋಡಿದಿರಾ? ಅಲ್ಲಿ ಆ ತಿಂಗಳು ಸೂರ್ಯ ನೆತ್ತಿಗೆ ಬರುವುದು 12.15, 12.20ರ ಹೊತ್ತಿಗೆ. ಬೆಳಿಗ್ಗೆ ಒಂಬತ್ತರ ಅಂಕಿಯನ್ನು ಇದರ ಪಕ್ಕ ಇಟ್ಟರೆ ಅರ್ಥವಿಲ್ಲ.

ಇನ್ನು ಹಿಡಿಯುವ ಕ್ರಮ. ಬಹಳ ಜನ ಮೀಟರನ್ನು ಸೂರ್ಯನ ಕಡೆಗೇ ತಿರುಗಿಸುತ್ತಾರೆ. ಅದು ತಪ್ಪು. ಯುವಿ ಸೂಚ್ಯಂಕ (ಮೀಟರ್ ತೋರಿಸುವ ಆ ಅಂಕಿ) ಇರುವುದು ಆಕಾಶ ನೋಡುತ್ತಾ ಮಟ್ಟಸವಾಗಿ ಮಲಗಿದ ಮೇಲ್ಮೈಗೆ. ಮೀಟರನ್ನು ಸಮನಾದ ಕಲ್ಲಿನ ಮೇಲಿಡಿ (ಬೈಕಿನ ಟ್ಯಾಂಕ್ ಮೇಲೆ ಬೇಡ, ಅದು ಇಳಿಜಾರು). ಆಮೇಲೆ ಬಗ್ಗಿ ನೋಡಬೇಡಿ. ಯುವಿಯ ದೊಡ್ಡ ಪಾಲು ಸುತ್ತಲಿನ ಆಕಾಶದಿಂದ ಬರುತ್ತದೆ, ನಿಮ್ಮ ಹೆಲ್ಮೆಟ್ಟೇ ಅದರಲ್ಲಿ ಒಂದಿಷ್ಟು ಮುಚ್ಚಿಬಿಡುತ್ತದೆ. ಸೆನ್ಸಾರ್ ಮೇಲಿನ ಬಿಳಿ ಬಿಲ್ಲೆಗೆ ಸನ್‌ಸ್ಕ್ರೀನ್ ಹಚ್ಚಿದ ಬೆರಳು ತಾಗಿತೋ, ಮುಗೀತು. ಅಂಕಿ ಸುಮ್ನೆ ಕೆಳಗಿಳಿಯುತ್ತದೆ.

ಅಗ್ಗದ ಮೀಟರುಗಳು ಹೆಚ್ಚಾಗಿ ಯುವಿ-ಎ ಎಂಬ ಬಗೆಯ ಕಿರಣ ನೋಡಿ ಉಳಿದದ್ದನ್ನು ಅಂದಾಜು ಮಾಡುತ್ತವೆ. ಚರ್ಮ ಸುಡುವುದು ಮುಖ್ಯವಾಗಿ ಇನ್ನೊಂದು ಬಗೆ, ಯುವಿ-ಬಿ. ಎತ್ತರಕ್ಕೆ ಹೋದಂತೆ ಹೆಚ್ಚು ಏರುವುದೂ ಅದೇ. ಹಾಗಾಗಿ 11 ಎಂದರೆ ಕರಾರುವಾಕ್ಕಾಗಿ 11 ಅಂದುಕೊಳ್ಳಬೇಡಿ. ಪರಿಣತರಿಗೂ ಇದು ಸುಲಭವಲ್ಲ. ಬೊಲಿವಿಯಾ-ಚಿಲಿ ಗಡಿಯ ಲಿಕಾಂಕಾಬುರ್ ಜ್ವಾಲಾಮುಖಿಯ ಮೇಲೆ 2003ರ ಡಿಸೆಂಬರ್ 29ರಂದು ಯುವಿ ಸೂಚ್ಯಂಕ 43.3 ದಾಖಲಾಯಿತು ಎಂಬ ವರದಿ 2014ರಲ್ಲಿ ಬಂತು. ಅಷ್ಟು ಸಾಧ್ಯವೇ ಇಲ್ಲ, ಉಪಕರಣದ್ದೇ ದೋಷವಿರಬೇಕು ಎಂದು ಬೇರೆ ತಜ್ಞರು ವಾದಿಸಿದರು.

ಚಳಿಗೂ ಯುವಿಗೂ ಸಂಬಂಧವಿಲ್ಲ. ಗದ್ದದ ಕೆಳಗೆ ಸುಟ್ಟಿದ್ದು ಹಿಮದಿಂದ. ಹೊಸದಾಗಿ ಬಿದ್ದ ಹಿಮ ಶೇ 80ರವರೆಗೂ ಯುವಿಯನ್ನು ವಾಪಸ್ ಎಸೆಯುತ್ತದೆ. ಮೇಲ್ಮುಖವಾಗಿಟ್ಟ ಮೀಟರಿಗೆ ಅದು ನೇರವಾಗಿ ಕಾಣುವುದೇ ಇಲ್ಲ, ಅಲ್ವಾ? ಮುಂದಿನ ಸಲ ಮೀಟರನ್ನು ಸೊಂಟದೆತ್ತರಕ್ಕೆ ಹಿಡಿದು, ಕೈ ಚಾಚಿ, ಹಿಮದ ಕಡೆಗೆ ಬೋರಲು ಮಾಡಿ. ಮೇಲೆ 10, ಕೆಳಗೆ 7 ಬಂದರೆ, ಟೋಪಿಯ ನೆರಳಿನಲ್ಲೇ ನಿಮ್ಮ ಗದ್ದಕ್ಕೆ ಎಷ್ಟು ಬೀಳುತ್ತಿದೆ ಎಂದು ಗೊತ್ತಾಗುತ್ತದೆ.