ಸೆಕೆಯಲ್ಲಿ ಆಗುಂಬೆ: ಹಳೇ ಕಾರು, ಹಿರಿಯರು

ಪ್ರಶ್ನೆ: ಉಡುಪಿಯ ಸೆಕೆ ತಡೆಯಲಾಗುತ್ತಿಲ್ಲ. ವಯಸ್ಸಾದ ಅಪ್ಪ ಅಮ್ಮನನ್ನು ಏಪ್ರಿಲ್‌ನಲ್ಲಿ ನಮ್ಮ ಹಳೇ ಕಾರಿನಲ್ಲಿ ಆಗುಂಬೆಗೆ ಕರೆದೊಯ್ದು ಅದೇ ದಿನ ವಾಪಸಾಗಬಹುದೇ?

ಉತ್ತರ: ಧಾರಾಳವಾಗಿ. ಹೆಬ್ರಿ, ಸೋಮೇಶ್ವರದ ಮೇಲೆ ಸುಮಾರು 55 ಕಿ.ಮೀ. ಆಗುಂಬೆಯ ಎತ್ತರ ಸುಮಾರು 650 ಮೀಟರ್. ಕರಾವಳಿಗಿಂತ ನಾಲ್ಕು ಡಿಗ್ರಿಯಷ್ಟು ತಂಪು, ಅಷ್ಟೇ. ಮಧ್ಯಾಹ್ನದ ಬಿಸಿಲು ಅಲ್ಲೂ ಚುರುಕೇ. ಬೆಳಿಗ್ಗೆ ಆರಕ್ಕೆ ಹೊರಟು ಹತ್ತಿರದ ಕುಂದಾದ್ರಿ ಬೆಟ್ಟವನ್ನು ಹತ್ತು ಗಂಟೆಯೊಳಗೆ ಮುಗಿಸಿ. ಅದರ ಮೇಲಿನ ಜೈನ ಬಸದಿಯ ಸುತ್ತ ಬರೀ ಬಂಡೆ, ಬಿಸಿಲೇರಿದರೆ ಬರಿಗಾಲಿಡಲಾಗದು.

ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಮಟ್ಟವನ್ನು ಮನೆಯಲ್ಲೇ, ಇಂಜಿನ್ ತಣ್ಣಗಿರುವಾಗ ನೋಡಿ. ಹತ್ತುವಾಗ ಉಷ್ಣಾಂಶದ ಮುಳ್ಳು ಏರಿದರೆ ಎ.ಸಿ. ಬಂದ್ ಮಾಡಿ, ಅಗಲವಾದ ಜಾಗದಲ್ಲಿ ನಿಲ್ಲಿಸಿ. ರೇಡಿಯೇಟರ್ ಮುಚ್ಚಳ ಮಾತ್ರ ತೆರೆಯಬೇಡಿ, ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ನಮಗೆ ಹೆಚ್ಚು ಆತಂಕ ಇಳಿಯುವಾಗಿನದು: ಒಂದೇ ಸಮನೆ ಬ್ರೇಕ್ ಒತ್ತಿದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎರಡನೇ ಗೇರಿನಲ್ಲೇ ಇಳಿಯಿರಿ, ಕಡಿದಾದ ತಿರುವಿಗೆ ಮೊದಲನೆಯದು. ನ್ಯೂಟ್ರಲ್ ಬೇಡವೇ ಬೇಡ. ಹತ್ತುವ ವಾಹನಕ್ಕೆ ದಾರಿ ಬಿಡಿ.

ಬೇಸಿಗೆಯ ಮಬ್ಬಿನಲ್ಲಿ ಸೂರ್ಯಾಸ್ತ ಸ್ಪಷ್ಟವಾಗಿ ಕಾಣುವುದು ಅಪರೂಪ. ಅದಕ್ಕೆ ಕಾಯದೆ ಬೆಳಕಿರುವಾಗಲೇ ಇಳಿದುಬಿಡಿ. ಸಂಜೆ ಗುಡುಗು ಮಳೆ ಹನಿದರೆ ರಸ್ತೆ ಜಾರುತ್ತದೆ. ಉಣುಗು (ಉಣ್ಣಿ) ಕಚ್ಚಿ ಮಂಗನ ಕಾಯಿಲೆ ಹರಡುವ ಕಾಲವಿದು. ಅದು ಮೈಗೆ ಹತ್ತೀತು, ಕಾಡಿನ ತರಗೆಲೆಯ ಮೇಲೆ ಕುಳಿತು ಬುತ್ತಿ ಬಿಚ್ಚಬೇಡಿ.