ಐರಿಶ್ ಕಾಫಿ (ವಿಸ್ಕಿ ಬೆರೆಸಿ, ಮೇಲೆ ಕ್ರೀಮ್ ತೇಲಿಬಿಟ್ಟ ಬಿಸಿ ಕಾಫಿ) ಮನೆಯಲ್ಲಿ ಮಾಡಿದರೆ ಕ್ರೀಮ್ ಯಾಕೆ ಮುಳುಗಿ ಹೋಗುತ್ತದೆ?

ಸಾಮಾನ್ಯವಾಗಿ ಎರಡೇ ಕಾರಣ: ಸಕ್ಕರೆ ಕಡಿಮೆ ಆಗಿರುತ್ತದೆ, ಇಲ್ಲವೇ ಕ್ರೀಮನ್ನು ಕಡೆದಿರುವುದಿಲ್ಲ.

ವಿಸ್ಕಿಯಲ್ಲಿರುವ ಆಲ್ಕೋಹಾಲ್ ನೀರಿಗಿಂತ ಹಗುರ. ಅದು ಬೆರೆತ ಕಾಫಿಯೂ ಹಗುರವಾಗುತ್ತದೆ, ಆಗ ಕ್ರೀಮ್ ಮೇಲೆ ನಿಲ್ಲುವುದು ಕಷ್ಟ. ಸಕ್ಕರೆ ಕರಗಿದರೆ ಕಾಫಿಗೆ ಮತ್ತೆ ತೂಕ ಬರುತ್ತದೆ. ಅಂದರೆ ಇಲ್ಲಿ ಸಕ್ಕರೆ ಸುಮ್ನೆ ಸಿಹಿಗಾಗಿ ಅಲ್ಲ. ಇನ್ನು ಕ್ರೀಮನ್ನು ಕಡೆದಾಗ ಅದರೊಳಗೆ ಗಾಳಿ ಸಿಕ್ಕಿಕೊಂಡು ಅದು ಹಗುರವಾಗುತ್ತದೆ. ಜಾಸ್ತಿ ಕಡೆಯಬೇಡಿ. ಗಟ್ಟಿಯಾಗಬಾರದು, ಚಮಚದಿಂದ ನಿಧಾನವಾಗಿ ಜಾರುವಂತಿರಬೇಕು.

ಮೊದಲು ಗಾಜಿನ ಲೋಟಕ್ಕೆ ಬಿಸಿನೀರು ಹಾಕಿ, ಬೆಚ್ಚಗಾದ ಮೇಲೆ ಚೆಲ್ಲಿ. ಅದಕ್ಕೆ ಹಾಲಿಲ್ಲದ ಬಿಸಿ ಕಾಫಿ 120 ಮಿ.ಲೀ., ಎರಡು ಟೀ ಚಮಚ ಕಂದು ಸಕ್ಕರೆ ಹಾಕಿ ಪೂರ್ತಿ ಕರಗಿಸಿ. ನಂತರ 50 ಮಿ.ಲೀ. ಐರಿಶ್ ವಿಸ್ಕಿ. ಕ್ರೀಮ್ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾಗಿರಲಿ, ಕೊಬ್ಬಿನಂಶ ಶೇ 35ರ ಆಸುಪಾಸು ಇದ್ದರೆ ಚೆನ್ನಾಗಿ ಕಡೆಯಬಹುದು. ಚಮಚವನ್ನು ಬೋರಲು ಹಿಡಿದು, ಅದರ ಬೆನ್ನಿನ ಮೇಲೆ ಮೆಲ್ಲಗೆ ಸುರಿಯಿರಿ.

ಆಮೇಲೆ ಕಲಕಬೇಡಿ. ತಣ್ಣನೆ ಕ್ರೀಮಿನ ನಡುವಿನಿಂದ ಬಿಸಿ ಕಾಫಿ ತುಟಿಗೆ ಬರುವುದೇ ಇದರ ಸೊಗಸು.